ಟೆಸ್ಟರಕ್ಕ ಕೂರಿಸಿದ ಹನ್ನೆರಡನೇ ಎನ್‌ಕೋಡರ್

ರಟ್ಟಿನ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಟೆಸ್ಟರಕ್ಕ. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡುವ ಟೆಸ್ಟರನ್ನು ಎಲ್ಲರೂ ಜೇಬಿಗೆ ಸಿಕ್ಕಿಸಿಕೊಂಡರೆ ಅವಳು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮನೆಗೆ ಬಂದು ಬಾಚಣಿಗೆ ಹಿಡಿದಾಗಲೇ ಅದು ಇನ್ನೂ ತಲೆಯಲ್ಲಿದೆ ಎಂದು ಎಷ್ಟೋ ಸಲ ಗೊತ್ತಾಗುತ್ತಿತ್ತು.

ಅವಳಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇರೆ ಹುಡುಗಿಯರು ಕುಂಟಾಬಿಲ್ಲೆ ಆಡುವ ವಯಸ್ಸಿನಲ್ಲಿ ಅವಳು ತಾಮ್ರದ ತಂತಿಯನ್ನು ಸುತ್ತು ತಪ್ಪದಂತೆ ಎಣಿಸಿ ಸುತ್ತುತ್ತಿದ್ದಳು. ಆ ಕೈಚಳಕ ನೋಡಿಯೇ ಕಾರ್ಖಾನೆ ಅವಳನ್ನು ಕರೆದದ್ದು. ಇಪ್ಪತ್ತೆರಡು ವರ್ಷ ಎಲೆಕ್ಟ್ರಿಕಲ್ ವಿಭಾಗದಲ್ಲಿ ಅವಳೊಬ್ಬಳೇ ಹೆಂಗಸು. ಓಡುತ್ತಿರುವ ಮೋಟರಿನ ಬೆನ್ನ ಮೇಲೆ ಅಂಗೈ ಇಟ್ಟು ಎರಡು ನಿಮಿಷ ನಿಂತರೆ, ಯಾವ ಕಡೆಯ ಬೇರಿಂಗ್ ಸವೆದಿದೆ, ಇನ್ನೆಷ್ಟು ವಾರ ಬಾಳಿಕೆ ಬರುತ್ತದೆ ಎಂದು ಹೇಳಿಬಿಡುತ್ತಿದ್ದಳು. ಹೊಸದಾಗಿ ಬಂದವರು ನಕ್ಕರೆ ಹಳಬರು, "ನಗ್ಬೇಡ್ರೋ, ಅಕ್ಕ ಕೈಯಿಟ್ಟು ಹೇಳಿದ್ದು ಇವತ್ತಿನವರೆಗೂ ಸುಳ್ಳಾಗಿಲ್ಲ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವಳ ನಡಿಗೆಯೇ ಬೇರೆಯಾಗಿರುತ್ತಿತ್ತು.

ಇಷ್ಟು ಚೆನ್ನಾಗಿ ನಡೆದಿದ್ದ ಬದುಕಿಗೆ ಅವಳ ಓರಗಿತ್ತಿ ಬಂದಳು.

ಮೈದುನ ಮದುವೆಯಾಗಿ ಕರೆತಂದ ಹುಡುಗಿ ಇನ್‌ಸ್ಟ್ರುಮೆಂಟೇಷನ್ ಡಿಪ್ಲೊಮಾ ಓದಿದವಳು. ಮನೆ ಒಂದೇ. ಅಂಗಡಿ ಬೀದಿಯ ಹಿಂದಿನ ಎರಡಂತಸ್ತು. ಮುಂದಿನ ಕೋಣೆಯಲ್ಲಿ ಟೆಸ್ಟರಕ್ಕ, ಅವಳ ಗಂಡ, ಮಗಳು. ಎದುರಿನ ಕೋಣೆಯಲ್ಲಿ ಹೊಸ ಜೋಡಿ. ನಡುವಿನ ಹಾಲಿನಲ್ಲಿ ಅತ್ತೆಯ ಮಂಚ. ಮೊದಲ ಆರು ತಿಂಗಳು ಚೆನ್ನಾಗಿಯೇ ಇತ್ತು. "ಅಕ್ಕ, ಅಕ್ಕ" ಎಂದು ಹಿಂದೆಮುಂದೆ ಸುತ್ತುತ್ತಿದ್ದ ಹುಡುಗಿಯ ಮೇಲೆ ಟೆಸ್ಟರಕ್ಕನಿಗೂ ಅಕ್ಕರೆ ಹುಟ್ಟಿತ್ತು. ಕಾರ್ಖಾನೆಯಲ್ಲಿ ಕೆಲಸ ಖಾಲಿಯಿದೆ ಎಂದು ತಿಳಿಸಿ, ಅರ್ಜಿ ಹಾಕಿಸಿ, ಮೊದಲ ದಿನ ಗೇಟಿನಿಂದ ಒಳಗೆ ಕರೆದುಕೊಂಡು ಹೋದವಳೂ ಅವಳೇ.

ಮೊದಲ ಮುಳ್ಳು ಚುಚ್ಚಿದ್ದು ಆ ದಿನವೇ, ಟೀ ಹೊತ್ತಿನಲ್ಲಿ. ಕ್ಯಾಂಟೀನಿನವನು ಎರಡು ಲೋಟ ಹಿಡಿದು ಬಂದ. ಒಂದನ್ನು ಚಿಕ್ಕವಳ ಮುಂದಿಟ್ಟು "ತಗೊಳ್ಳಿ ಮೇಡಂ" ಅಂದ. ಇನ್ನೊಂದನ್ನು ಮುಂದೆ ಚಾಚಿ "ಹಿಡಿ ಅಕ್ಕ" ಅಂದ.

ಇಪ್ಪತ್ತೆರಡು ವರ್ಷ "ಅಕ್ಕ" ಎಂಬ ಮಾತು ಅವಳಿಗೆ ಬಿರುದಿನಂತೆ ಕೇಳಿಸಿತ್ತು. ಅವತ್ತು ಮೊದಲ ಬಾರಿಗೆ ಅದು ಬಿರುದೋ ಬರೀ ಸಲಿಗೆಯೋ ಎಂದು ಅನುಮಾನ ಬಂತು. ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು.

ಅಲ್ಲಿಂದ ಮುಂದೆ ಕಣ್ಣಿಗೆ ಬೀಳುವುದೆಲ್ಲ ಅದೇ. ಚಿಕ್ಕವಳಿಗೆ ಗಾಜಿನ ಬಾಗಿಲಿನ ಅಲಮಾರು. ಚಿಕ್ಕವಳ ಟೋಪಿ ಬಿಳಿ, ತನ್ನದು ಹಳದಿ. ಮನೆಯಲ್ಲಿ ಅತ್ತೆ ಆ ಡಿಪ್ಲೊಮಾ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮಾವನ ಫೋಟೋದ ಪಕ್ಕದಲ್ಲೇ ತೂಗುಹಾಕಿದರು. ಇಷ್ಟು ವರ್ಷ ಹಿರಿಸೊಸೆ ಕೆಲಸದಿಂದ ಬಂದರೆ "ಬಂದ್ಯಾ? ಅಕ್ಕಿ ತೊಳೆದಿಟ್ಟಿದೀನಿ" ಎನ್ನುತ್ತಿದ್ದ ಬಾಯಿ, ಕಿರಿಸೊಸೆ ಬಂದರೆ "ಇವತ್ತೇನು ಮಾಡ್ದೆ ಮಗಳೇ? ಹೇಳು, ಕೇಳೋಣ" ಎನ್ನುತ್ತಿತ್ತು. ಅಡುಗೆಮನೆಯಲ್ಲಿ ಟೆಸ್ಟರಕ್ಕ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಕುಕ್ಕುತ್ತಿದ್ದಳು. ಅತ್ತೆಗೆ ಕಿವಿ ಸ್ವಲ್ಪ ಮಂದ. ಆ ಸದ್ದಿನ ಸಿಟ್ಟು ಯಾರನ್ನೂ ತಲುಪುತ್ತಿರಲಿಲ್ಲ.

ಇದೆಲ್ಲವನ್ನೂ ನುಂಗಿಕೊಂಡಿದ್ದಳೇನೋ. ನುಂಗಲಾಗದ್ದು ಮಗಳ ಮಾತು. ಹತ್ತನೇ ತರಗತಿಯ ಹುಡುಗಿ, ಗಣಿತದ ಪುಸ್ತಕ ಹಿಡಿದು ನೇರ ಎದುರಿನ ಕೋಣೆಗೆ ಹೋಗುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ಅವಳಂದಳು: "ನಾನು ಚಿಕ್ಕಮ್ಮನ ಹಾಗೆ ಆಗ್ತೀನಿ."

"ಆಗು, ಬೇಡ ಅಂದೋರು ಯಾರು?" ಎಂದಳು ಟೆಸ್ಟರಕ್ಕ. ಅನ್ನ ಬಡಿಸುತ್ತಿದ್ದ ಸೌಟು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಹೊಲಿಗೆ ಅಂಗಡಿಯ ಗಂಡ ಮಾತು ಕಡಿಮೆಯ ಆಸಾಮಿ. ತಲೆಯೆತ್ತಿ ಹೆಂಡತಿಯ ಮುಖ ನೋಡಿದ, ಮತ್ತೆ ತಟ್ಟೆ ನೋಡಿಕೊಂಡ.

ಚಿಕ್ಕವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ ಕಾರ್ಖಾನೆಗೆ ಹೊಸ ಕತ್ತರಿಸುವ ಯಂತ್ರ ಬಂತು. ಅಗಲವಾದ ರಟ್ಟಿನ ಹಾಳೆ ಹನ್ನೊಂದು ಉರುಳೆಗಳ ಮೇಲೆ ಹಾದು ಬಂದು, ಕೊನೆಗೆ ತಿರುಗುವ ಕತ್ತಿಯ ಕೆಳಗೆ ಬೇಕಾದ ಉದ್ದಕ್ಕೆ ತುಂಡಾಗಬೇಕು. ಪ್ರತಿ ಉರುಳೆಗೂ ಕತ್ತಿಗೂ ಒಂದೊಂದು ಎನ್‌ಕೋಡರ್. ನೋಡುವುದಕ್ಕೆ ಉಪ್ಪಿನ ಡಬ್ಬಿಯಷ್ಟೇ ಇರುವ ಈ ಸಾಧನದ ಹೊಟ್ಟೆಯೊಳಗೆ ಕೂದಲೆಳೆಯಷ್ಟು ಸಣ್ಣ ಗೆರೆಗಳಿರುವ ಗಾಜಿನ ಬಿಲ್ಲೆ. ಶಾಫ್ಟ್ ತಿರುಗಿದಾಗ ಬಿಲ್ಲೆಯೂ ತಿರುಗುತ್ತದೆ. ಗೆರೆಗಳ ನಡುವೆ ಬೆಳಕು ಮಿನುಗುತ್ತದೆ. ಆ ಮಿನುಗು ಎಣಿಸಿ ಯಂತ್ರ ತಾನು ಎಷ್ಟು ತಿರುಗಿದೆ ಎಂದು ತಿಳಿದುಕೊಳ್ಳುತ್ತದೆ. ಎಣಿಕೆ ಸರಿಯಿದ್ದರೆ ಹಾಳೆ ಸರಿ, ಪೆಟ್ಟಿಗೆ ಸರಿ.

ಹನ್ನೆರಡನ್ನೂ ಕೂರಿಸುವ ಜವಾಬ್ದಾರಿಯನ್ನು ಮ್ಯಾನೇಜರು ಚಿಕ್ಕವಳಿಗೆ ಕೊಟ್ಟರು. "ಅಕ್ಕ ನಿಮಗೆ ಸಹಾಯಕ್ಕಿರ್ತಾರೆ ಮೇಡಂ" ಎಂದೂ ಹೇಳಿದರು, ಅಕ್ಕನ ಎದುರಿಗೇ.

ಚಿಕ್ಕವಳ ಕೆಲಸ ನೋಡಿದರೆ ಟೆಸ್ಟರಕ್ಕನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮೊದಲು, ಯಾರೂ ಗೊತ್ತಿಲ್ಲದೆ ಕರೆಂಟ್ ಕೊಡದಂತೆ, ಮೇನ್ ಸ್ವಿಚ್ ಇಳಿಸಿ ಬೀಗ ಜಡಿಯುವುದು, ಬೀಗಕ್ಕೆ ತನ್ನ ಚೀಟಿ ಕಟ್ಟುವುದು, ಬೀಗದ ಕೈ ತನ್ನ ಕೊರಳಿಗೆ. ಜೊತೆಗಿರುವ ಪ್ರತಿಯೊಬ್ಬರೂ ತಮ್ಮ ತಮ್ಮ ಬೀಗ ಹಾಕಲೇಬೇಕು. ಆಮೇಲೆ ಕರೆಂಟ್ ಇಲ್ಲವೆಂದು ಮೀಟರಿನಿಂದ ಮೂರು ಮೂರು ಸಲ ನೋಡುವುದು. ಶಾಫ್ಟನ್ನು ಬಟ್ಟೆಯಿಂದ ಒರೆಸುವುದು. ಶಾಫ್ಟಿಗೂ ಎನ್‌ಕೋಡರಿಗೂ ನಡುವೆ ಬಳುಕುವ ಕಪ್ಲಿಂಗ್ ಹಾಕಿ, ನೇರ ಕೂತಿದೆಯೋ ಇಲ್ಲವೋ ತೋರಿಸುವ ಡಯಲ್ ಗೇಜ್ ಇಟ್ಟು ಕೈಯಿಂದ ಶಾಫ್ಟ್ ತಿರುಗಿಸುತ್ತ, ಮುಳ್ಳು ಎಷ್ಟು ಅಲ್ಲಾಡುತ್ತದೆ ಎಂದು ಉಸಿರು ಬಿಗಿಹಿಡಿದು ನೋಡುವುದು. ಕೇಬಲ್ಲನ್ನು ಮೋಟರಿನ ದಪ್ಪ ಕೇಬಲ್ಲಿನ ಹತ್ತಿರವೂ ಸುಳಿಯಗೊಡದೆ ಬೇರೆ ದಾರಿಯಲ್ಲಿ ಎಳೆಯುವುದು, ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಿಸುವುದು. ಕೇಬಲ್ಲಿನ ಮೇಲಿನ ಜಾಲರಿಯನ್ನು ಪ್ಯಾನೆಲ್ ಕಡೆ ಮಾತ್ರ ನೆಲಕ್ಕಿಳಿಯುವ ಅರ್ಥಿಂಗ್ ತಂತಿಗೆ ಸೇರಿಸಿ, ಇತ್ತ ಕಡೆಯ ತುದಿಗೆ ಟೇಪು ಸುತ್ತುವುದು.

"ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕ್ದಂಗಾಯ್ತು" ಎಂದಳು ಟೆಸ್ಟರಕ್ಕ, ಪಕ್ಕದಲ್ಲಿದ್ದ ಕತ್ತಿಯಣ್ಣನಿಗೆ. ಕತ್ತಿಯಣ್ಣ ಎಂದರೆ ಆ ಯಂತ್ರ ಓಡಿಸುವವನು. ಅವನು ಹಲ್ಲುಕಿರಿದ.

ಚಿಕ್ಕವಳೂ ನಕ್ಕಳು. "ಕೂಸಿಗಿಂತ ಸೂಕ್ಷ್ಮ ಅಕ್ಕ ಇದು. ಕೂಸು ಬಿದ್ರೆ ಅಳುತ್ತೆ, ಗೊತ್ತಾಗುತ್ತೆ. ಇದಕ್ಕೆ ಸುತ್ತಿಗೆ ಏಟು ಬಿದ್ರೆ ಬಾಯಿ ಬಿಡಲ್ಲ. ಒಳಗೆ ಗಾಜು."

ಅಷ್ಟು ಚೆನ್ನಾಗಿ ಉತ್ತರ ಕೊಟ್ಟದ್ದಕ್ಕೂ ಟೆಸ್ಟರಕ್ಕನಿಗೆ ಹೊಟ್ಟೆ ಉರಿಯಿತು.

ಹನ್ನೊಂದು ಆದವು. ಹನ್ನೆರಡನೆಯದು, ಕತ್ತಿಯದು, ಉಳಿದಿರುವಾಗ ಚಿಕ್ಕವಳ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡರೆಂದು ಸುದ್ದಿ ಬಂತು. ಅವಳು ಮೂರು ದಿನ ರಜೆ ಹಾಕಿ ತವರಿಗೆ ಹೋದಳು. ಮ್ಯಾನೇಜರು ಗಡ್ಡ ತುರಿಸಿಕೊಂಡರು.

"ಮೇಡಂ ಬರೋವರೆಗೂ ಕಾಯೋಣ್ವಾ ಅಕ್ಕ?"

"ಯಾಕೆ, ನನ್ನ ಕೈಗೇನಾಗಿದೆ?" ಎಂದಳು ಟೆಸ್ಟರಕ್ಕ. "ಹನ್ನೊಂದು ನೋಡಿದೀನಲ್ಲ. ನೋಡಿ ನೋಡಿ ಕಣ್ಣು ನೋವು ಬಂದಿದೆ."

ಅವಳು ನಿಯತ್ತಿನಿಂದಲೇ ಶುರುಮಾಡಿದಳು. ಬೀಗ ಹಾಕಿದಳು, ಚೀಟಿ ಕಟ್ಟಿದಳು, ಶಾಫ್ಟ್ ಒರೆಸಿದಳು, ಕೇಬಲ್ಲನ್ನು ದೂರದಿಂದಲೇ ಎಳೆದಳು. ವೈರಿಂಗ್ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ, ಚಿಕ್ಕವಳು ಬಂದು ನೋಡಲಿ, ನೋಡಿ ಕಲಿಯಲಿ ಎಂದುಕೊಂಡಳು. ಕಪ್ಲಿಂಗ್ ಮಾತ್ರ ಹಟಹಿಡಿಯಿತು. ಅರ್ಧಕ್ಕೆ ಬಂದು ನಿಂತದ್ದು ಮುಂದೆ ಹೋಗಲೊಲ್ಲದು. ಶಾಫ್ಟಿನ ಅಂಚಿನಲ್ಲಿ ಕಾಣದಷ್ಟು ಸಣ್ಣ ಲೋಹದ ಮುಳ್ಳು ಎದ್ದಿತ್ತೋ ಏನೋ. ಬಿಚ್ಚಿ, ಉಜ್ಜಿ, ಮತ್ತೆ ಹಾಕಬೇಕಿತ್ತು. ಅಷ್ಟರಲ್ಲಿ ಕತ್ತಿಯಣ್ಣ ಬಂದು, "ಏನಕ್ಕ, ಕೂಸು ಮಾತು ಕೇಳ್ತಿಲ್ವಾ? ಮೇಡಂಗೆ ಫೋನ್ ಮಾಡೋಣ್ವಾ?" ಎಂದು ತಮಾಷೆ ಮಾಡಿದ.

ಅವನು ಬೆನ್ನು ತಿರುಗಿಸಿದ್ದೇ ತಡ, ಟೆಸ್ಟರಕ್ಕ ಸ್ಪ್ಯಾನರಿನ ಹಿಡಿಯಿಂದ ಎರಡು ಏಟು ಕೊಟ್ಟಳು. ಟಕ್. ಟಕ್. ಕಪ್ಲಿಂಗ್ ಜಾಗಕ್ಕೆ ಹೋಗಿ ಕೂತಿತು. ಎರಡನೇ ಏಟಿನೊಡನೆ ಡಬ್ಬಿಯೊಳಗೆ ಗಾಜಿನ ಬಳೆ ಗೋಡೆಗೆ ತಾಗಿದಾಗ ಬರುವಂಥ ಸಣ್ಣ ಸದ್ದು ಬಂತು. ಮೋಟರಿನ ಬೇರಿಂಗ್ ಕೇಳಿ ಕೇಳಿ ಪಳಗಿದ ಕಿವಿ ಅದು. ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಅವಳು ಕೇಳಿಸಲಿಲ್ಲ ಎಂದುಕೊಂಡಳು. ಯಂತ್ರ ಓಡಿಸಿದಾಗ ಹಾಳೆ ಸರಿಯಾಗಿಯೇ ಬಂತು. ಇನ್ನೇನು ಬೇಕು?

ಚಿಕ್ಕವಳು ಬಂದ ದಿನ ಪರೀಕ್ಷೆಯ ಫಾರಂ ಹಿಡಿದು ಕೇಳಿದಳು: "ಅಕ್ಕ, ಕತ್ತೀದು ಕೂರಿಸುವಾಗ ತಟ್ಟಿಲ್ಲ ತಾನೆ?"

"ಇಲ್ಲಪ್ಪ."

"ಸರಿ ಹಾಗಾದ್ರೆ. ನೀವು ಹೇಳಿದ್ಮೇಲೆ ಮತ್ತೆ ಬಿಚ್ಚಿ ನೋಡೋದೇನಿದೆ" ಎಂದು ಅವಳು ಹನ್ನೆರಡನೇ ಸಾಲಿನಲ್ಲೂ ಸಹಿ ಹಾಕಿದಳು.

ಹದಿನೈದು ದಿನ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ, ಯಂತ್ರ ನಾಲ್ಕು ಗಂಟೆ ಓಡಿ ಬಿಸಿಯಾದ ಮೇಲೆ, ಒಂದು ಹಾಳೆ ನಾಲ್ಕು ಮಿಲಿಮೀಟರ್ ಉದ್ದ ಬಂತು. ಆಮೇಲೆ ನೂರು ಸರಿ. ಮತ್ತೊಂದು ಆರು ಮಿಲಿಮೀಟರ್ ಗಿಡ್ಡ. ಯಂತ್ರ ನಿಲ್ಲಿಸಿ ನೋಡಿದರೆ ಎಲ್ಲ ಸರಿ. ಓಡಿಸಿದರೆ ಮತ್ತೆ ಅದೇ. ಮಡಚಿದರೆ ಬಾಯಿ ಮುಚ್ಚದ ಪೆಟ್ಟಿಗೆಗಳು ಗೋಡೆಯ ಪಕ್ಕ ಆಳೆತ್ತರ ಬಿದ್ದವು.

ಚಿಕ್ಕವಳು ತನ್ನ ಕೇಬಲ್ಲಿನ ಮೇಲೆಯೇ ಅನುಮಾನಪಟ್ಟಳು. ಬಂದು ಬಂದು ಹೋಗುವ ದೋಷ ಎಂದರೆ ಮೋಟರ್ ಕೇಬಲ್ಲಿನ ವಿದ್ಯುತ್ ಗದ್ದಲ ಎಲ್ಲೋ ಎಣಿಕೆಯೊಳಗೆ ನುಸುಳುತ್ತಿದೆ ಎಂದೇ ಅವಳ ಲೆಕ್ಕ. ಜಾಲರಿ ಬಿಚ್ಚಿದಳು, ಮತ್ತೆ ಕಟ್ಟಿದಳು. ಒಂದೊಂದೇ ತಂತಿಯ ತುದಿ ಎಳೆದು ನೋಡಿದಳು. ತಣ್ಣಗಿರುವಾಗ ಎನ್‌ಕೋಡರನ್ನು ಕೈಯಿಂದ ತಿರುಗಿಸಿ ಅಳೆದಳು, ಎಲ್ಲ ಸರಿಯಿತ್ತು. ಹಾಕಿ ನೋಡೋಣವೆಂದರೆ ಆ ಗಾತ್ರದ ಇನ್ನೊಂದು ಎನ್‌ಕೋಡರ್ ಉಗ್ರಾಣದಲ್ಲಿಲ್ಲ. ತರಿಸಲು ಮೂರು ವಾರ.

ಟೆಸ್ಟರಕ್ಕನಿಗೆ ಮೊದಲ ಉದ್ದ ಹಾಳೆ ನೋಡಿದ ಕ್ಷಣವೇ ಗೊತ್ತಾಗಿತ್ತು. ಆದರೆ ಆ ಸಂಜೆಯೇ ಮ್ಯಾನೇಜರು ಎಲ್ಲರ ಎದುರಿಗೆ ಚಿಕ್ಕವಳಿಗೆ, "ಸಹಿ ನಿಮ್ದಲ್ವೇನ್ರೀ? ಇಷ್ಟೊಂದು ಡಯಲ್ ಗೇಜು, ಬೀಗ, ಚೀಟಿ, ಎಲ್ಲಾ ಆಟ ಆಡಿದ್ರಲ್ಲ?" ಎಂದರು. ಮೇಡಂ ಹೋಗಿ ರೀ ಆಗಿತ್ತು. ಟೆಸ್ಟರಕ್ಕನ ಎದೆಯೊಳಗೆ ಭಯದ ಪಕ್ಕದಲ್ಲೇ ಇನ್ನೇನೋ ತಂಪಾಗಿ ಹರಡಿತು. ಎರಡು ವರ್ಷದ ಉರಿಗೆ ಯಾರೋ ತಣ್ಣೀರು ಹೊಯ್ದಂತೆ. ನಾಳೆ ಹೇಳಿದರಾಯಿತು ಎಂದುಕೊಂಡಳು. ಒಂದು ದಿನ ಅನುಭವಿಸಲಿ. ನಾನು ಎಷ್ಟು ವರ್ಷ ಅನುಭವಿಸಿಲ್ಲ?

ಒಂದು ದಿನ ಎರಡಾಯಿತು, ಎರಡು ನಾಲ್ಕಾಯಿತು. ಮನೆಯಲ್ಲಿ ಅತ್ತೆ, "ಯಾಕೆ ಮಗಳೇ ಮುಖ ಸಣ್ಣಗಿದೆ?" ಎಂದರೆ ಚಿಕ್ಕವಳು ಏನೂ ಇಲ್ಲ ಎನ್ನುತ್ತಿದ್ದಳು. ತಟ್ಟೆಯಲ್ಲಿ ಅನ್ನ ಕಲಸಿ ಕಲಸಿ ಹಾಗೇ ಬಿಡುತ್ತಿದ್ದಳು. ಮಗಳು ಗಣಿತದ ಪುಸ್ತಕ ಹಿಡಿದು ಹೋದರೆ, "ಇವತ್ತು ಬೇಡ ಪುಟ್ಟಿ, ತಲೆ ಓಡ್ತಿಲ್ಲ" ಎಂದು ಕಳಿಸಿದಳು. ಪುಸ್ತಕ ಟೆಸ್ಟರಕ್ಕನ ಹತ್ತಿರ ಬಂತು. ಅವಳಿಗೆ ಆ ಲೆಕ್ಕ ಬರಲಿಲ್ಲ. ಮಗಳು "ಪರವಾಗಿಲ್ಲ ಬಿಡಮ್ಮ" ಎಂದಳು. ಎಣಿಸಿದಷ್ಟು ಸುಖವಿರಲಿಲ್ಲ ಈ ಗೆಲುವಿನಲ್ಲಿ. ಆದರೂ ಬಾಯಿ ಬರಲಿಲ್ಲ. ದಿನ ಕಳೆದಷ್ಟೂ ಹೇಳುವುದು ಕಷ್ಟ. ಎರಡು ಏಟಿನ ತಪ್ಪಿಗೆ ಈಗ ಇಷ್ಟು ದಿನದ ಮೌನವೂ ಸೇರಿತ್ತು.

ಆರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಟೆಸ್ಟರಕ್ಕ ಪಂಪಿನ ಮನೆಯಿಂದ ಬರುತ್ತಿದ್ದಳು. ಕತ್ತರಿಸುವ ಯಂತ್ರದ ಹತ್ತಿರ ಮ್ಯಾನೇಜರು ಕೈಗಡಿಯಾರ ನೋಡುತ್ತ ನಿಂತಿದ್ದರು. ಯಂತ್ರ ಆಮೆಯ ಹಾಗೆ ನಿಧಾನ ತಿರುಗುತ್ತಿತ್ತು. ಕತ್ತಿಯ ಮುಂದಿನ ಜಾಲರಿ ಬಾಗಿಲು ತೆರೆದಿತ್ತು.

ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲಬೇಕು. ನಿಂತಿರಲಿಲ್ಲ. ಟೆಸ್ಟರಕ್ಕನ ಕಣ್ಣು ನೇರ ಬಾಗಿಲಿನ ಸ್ವಿಚ್ಚಿಗೆ ಹೋಯಿತು. ಅದರ ಎರಡು ತುದಿಗೆ ಒಂದು ತುಂಡು ತಂತಿ ಕಟ್ಟಿ, ಬಾಗಿಲು ಮುಚ್ಚಿದೆಯೆಂದು ಯಂತ್ರವನ್ನು ನಂಬಿಸಿದ್ದರು. ಕಟ್ಟಿದವಳು ಬೇರಾರೂ ಅಲ್ಲ, ಬೀಗವಿಲ್ಲದೆ ಬೋಲ್ಟು ಮುಟ್ಟದ ಚಿಕ್ಕವಳು. ಅವಳು ಒಳಕ್ಕೆ ಬಗ್ಗಿ, ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಲ್ಲಿ ಎನ್‌ಕೋಡರಿನ ಕೇಬಲ್ ಅಲ್ಲಾಡಿಸುತ್ತ ತಿರುಗುವ ಕಪ್ಲಿಂಗನ್ನೇ ನೋಡುತ್ತಿದ್ದಳು. ಕತ್ತಿಗೂ ಅವಳ ಮೊಣಕೈಗೂ ಒಂದು ಗೇಣು.

"ಏನ್ಸಾರ್ ಇದು?" ಎಂದಳು ಟೆಸ್ಟರಕ್ಕ.

"ನಿಧಾನಕ್ಕೆ ತಿರುಗ್ತಿದೆ ಬಿಡಿ ಅಕ್ಕ, ಏನಾಗಲ್ಲ. ಇವತ್ತು ಇತ್ಯರ್ಥ ಆಗ್ಬೇಕು" ಎಂದರು ಮ್ಯಾನೇಜರು.

ನಿಧಾನ ಎಂಬುದು ಎಣಿಕೆ ಸರಿಯಿರುವವರೆಗೆ ಮಾತ್ರ. ಗಾಜಿನ ಬಿಲ್ಲೆ ಬಿರುಕು ಬಿಟ್ಟ ಜಾಗ ಬಂದು ಎಣಿಕೆ ನಿಂತರೆ, ಕತ್ತಿಯೇ ನಿಂತಿದೆ ಎಂದು ಯಂತ್ರ ತಿಳಿದುಕೊಳ್ಳುತ್ತದೆ; ನಿಂತದ್ದನ್ನು ಓಡಿಸಲು ಇರುವ ಬಲವನ್ನೆಲ್ಲ ಒಮ್ಮೆಗೇ ಕೊಡುತ್ತದೆ. ಚಿಕ್ಕವಳಿಗೆ ಇದು ಚೆನ್ನಾಗಿ ಗೊತ್ತು. ಆದರೆ ಗಾಜು ಒಡೆದಿದೆ ಎಂಬುದು ಗೊತ್ತಿಲ್ಲ. ಅದು ಗೊತ್ತಿದ್ದವಳು ಇಡೀ ಕಾರ್ಖಾನೆಯಲ್ಲಿ ಒಬ್ಬಳೇ.

"ಕೈ ತೆಗಿ!" ಎಂದು ಟೆಸ್ಟರಕ್ಕ ಕಿರುಚಿದಳು. "ಕೈ ತೆಗಿಯೇ!" ಓಡಿಹೋಗಿ ಒಂದು ಕೈಯಲ್ಲಿ ಚಿಕ್ಕವಳ ಅಂಗಿಯ ಬೆನ್ನು ಹಿಡಿದು ಹಿಂದಕ್ಕೆ ಎಳೆದಳು, ಇನ್ನೊಂದು ಕೈಯಿಂದ ಯಂತ್ರ ನಿಲ್ಲಿಸುವ ಕೆಂಪು ಗುಂಡಿಗೆ ಗುದ್ದಿದಳು. ಗುಂಡಿ ಒಳಗೆ ಹೋಗುವುದಕ್ಕೂ ಕತ್ತಿ ಜಿಗಿಯುವುದಕ್ಕೂ ಸರಿಹೋಯಿತು. ಒಂದೇ ಸುತ್ತು. ಗುಂಡು ಹೊಡೆದಂಥ ಸದ್ದು. ಚಿಕ್ಕವಳ ಕೈಯಿಂದ ಜಾರಿದ ಟಾರ್ಚು ಎರಡು ತುಂಡಾಗಿ ಒಂದು ತುಂಡು ಮ್ಯಾನೇಜರ ಕಾಲಬಳಿ ಬಂದು ಬಿತ್ತು.

ಇಬ್ಬರೂ ನೆಲದ ಮೇಲೆ ಕೂತಿದ್ದರು. ಚಿಕ್ಕವಳು ತನ್ನ ಹತ್ತು ಬೆರಳುಗಳನ್ನು ಒಂದೊಂದಾಗಿ ನೋಡಿಕೊಳ್ಳುತ್ತಿದ್ದಳು.

ಟೆಸ್ಟರಕ್ಕ ಕೂತಲ್ಲಿಂದಲೇ ಹೇಳಿದಳು. "ಕೇಬಲ್ಲಲ್ಲಿ ಏನೂ ಇಲ್ಲ. ಗಾಜು ಬಿರುಕು ಬಿಟ್ಟಿದೆ. ನಾನು ಕಪ್ಲಿಂಗ್ ಹೊಡೆದು ಕೂರಿಸ್ದೆ, ಸ್ಪ್ಯಾನರಲ್ಲಿ. ಎರಡು ಏಟು."

"ಯಾವಾಗ ಗೊತ್ತಾಯ್ತು ಅಕ್ಕ ನಿಮಗೆ?" ಎಂದರು ಮ್ಯಾನೇಜರು.

"ಹೊಡೆದಾಗ್ಲೇ."

ಕತ್ತಿಯಣ್ಣ "ಅಯ್ಯೋ ಅಕ್ಕ" ಎಂದ. ಅದೊಂದು ಮಾತು ಅವಳಿಗೆ ಮ್ಯಾನೇಜರ ಬೈಗುಳಕ್ಕಿಂತ ಹೆಚ್ಚು ನಾಟಿತು. ಚಿಕ್ಕವಳು ಎದ್ದು, ಮೇನ್ ಸ್ವಿಚ್ ಇಳಿಸಿ, ಬೀಗ ಜಡಿದು, ಬಾಗಿಲಿನ ಸ್ವಿಚ್ಚಿಗೆ ಕಟ್ಟಿದ್ದ ತುಂಡು ತಂತಿಯನ್ನು ತನ್ನ ಕೈಯಿಂದಲೇ ಕಿತ್ತು ಹಾಕಿದಳು. ಆಮೇಲೆ ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಳು.

ಟೆಸ್ಟರಕ್ಕನನ್ನು ಹದಿನೈದು ದಿನ ಮನೆಗೆ ಕಳಿಸಿದರು. ಸ್ವಿಚ್ಚಿಗೆ ತಂತಿ ಕಟ್ಟಿದ್ದಕ್ಕೆ ಚಿಕ್ಕವಳಿಗೆ, ಕಟ್ಟಲು ಬಿಟ್ಟದ್ದಕ್ಕೆ ಮ್ಯಾನೇಜರಿಗೆ, ಇಬ್ಬರಿಗೂ ಎಚ್ಚರಿಕೆಯ ಪತ್ರ ಬಂತು. ತನ್ನ ಕಡತದಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲವೆಂದು ಚಿಕ್ಕವಳು ಆ ಪತ್ರವನ್ನು ನಾಲ್ಕು ಸಲ ಓದಿದಳಂತೆ.

ಮನೆಯಲ್ಲಿ ವಿಷಯ ಮುಚ್ಚಿಡುವ ಹಾಗಿರಲಿಲ್ಲ. ಅತ್ತೆಗೆ ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಮಾಡಿದ ತಪ್ಪನ್ನು ಕೂಗಿ ಹೇಳುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಎಂದು ಟೆಸ್ಟರಕ್ಕನಿಗೆ ಅವತ್ತು ತಿಳಿಯಿತು. ಬೀದಿಗೂ ಕೇಳಿಸಿತು. ಅತ್ತೆ, "ನೀನೂ ಏನೇನು ಕೆಲಸ ಮಾಡ್ತೀಯ ಅಂತ ನಾನು ಯಾವತ್ತೂ ಕೇಳ್ಲೇ ಇಲ್ಲ ನೋಡು" ಎಂದರು. ಅದು ಬೈಗುಳವೋ, ಪಶ್ಚಾತ್ತಾಪವೋ, ಅವರಿಗೇ ಗೊತ್ತಿತ್ತೋ ಇಲ್ಲವೋ.

ಚಿಕ್ಕವಳು ಕ್ಷಮಿಸುತ್ತಾಳೆ, ಕ್ಷಮಿಸಿ ಇನ್ನೂ ದೊಡ್ಡವಳಾಗುತ್ತಾಳೆ ಎಂದು ಟೆಸ್ಟರಕ್ಕ ಹೆದರಿದ್ದಳು. ಅವಳು ಕ್ಷಮಿಸಲಿಲ್ಲ. ಮೂರನೇ ದಿನ ಟೆಸ್ಟರಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಬಂದು ನಿಂತಳು.

"ಆರು ದಿನ ನಂಗೆ ನಿದ್ದೆ ಇಲ್ಲ ಅಕ್ಕ. ನನಗೆ ಕೆಲಸಾನೇ ಬರಲ್ಲವೇನೋ ಅನ್ನಿಸಿಬಿಟ್ಟಿತ್ತು. ನೀವು ಎದುರಿನ ಕೋಣೆಯಲ್ಲೇ ಮಲಗಿದ್ರಿ."

"ಹೌದು."

"ಯಾಕೆ?"

ಟೆಸ್ಟರಕ್ಕ ಹಿಂಡಿದ ಲಂಗವನ್ನು ಮತ್ತೆ ಹಿಂಡಿದಳು. ಹೆದರಿಕೆ ಎನ್ನಬಹುದಿತ್ತು, ಮರೆವು ಎನ್ನಬಹುದಿತ್ತು. "ಹೊಟ್ಟೆಕಿಚ್ಚು" ಎಂದಳು. "ನಿನ್ನ ಟೋಪಿ ಮೇಲೆ, ನಿನ್ನ ಸರ್ಟಿಫಿಕೇಟ್ ಮೇಲೆ. ನನ್ನ ಮಗಳು ನಿನ್ನ ಹಿಂದೆ ಬರ್ತಾಳಲ್ಲ, ಅದರ ಮೇಲೆ."

ಚಿಕ್ಕವಳು ಒಳಗೆ ಹೋದಳು. ಒಂದು ತಿಂಗಳು ಮನೆಯಲ್ಲಿ ಅವರಿಬ್ಬರ ನಡುವೆ ಮಾತಿರಲಿಲ್ಲ. ಉಪ್ಪು ಬೇಕಾದರೂ ಅತ್ತೆಯ ಮೂಲಕ ಕೇಳುತ್ತಿದ್ದರು. ಅತ್ತೆಗೆ ಕಿವಿ ಕೇಳದೆ ಉಪ್ಪಿನ ಬದಲು ಸೊಪ್ಪು ಬರುತ್ತಿತ್ತು. ಮಗಳು ಮಾತ್ರ ಒಂದು ಸಂಜೆ ಅಮ್ಮನ ಪಕ್ಕ ಬಂದು ಕೂತು, ಕ್ಲಾಸಿನಲ್ಲಿ ತನಗಿಂತ ಎರಡು ಅಂಕ ಹೆಚ್ಚು ತೆಗೆಯುವ ಹುಡುಗಿಯೊಬ್ಬಳಿದ್ದಾಳೆ, ಅವಳ ಪೆನ್ನು ಕೆಳಗೆ ಬಿದ್ದಾಗ ತಾನು ಬೇಕೆಂದೇ ಹೇಳಲಿಲ್ಲ ಎಂದಳು. "ನಾಳೆ ಹೇಳು" ಎಂದಳು ಟೆಸ್ಟರಕ್ಕ. "ನಾಳೇನೇ ಹೇಳು. ಆರು ದಿನ ಬಿಡ್ಬೇಡ."

ಕೆಲಸಕ್ಕೆ ಮರಳಿದ ದಿನ ಹೊಸ ಎನ್‌ಕೋಡರ್ ಬಂದಿತ್ತು. ಅವಳು ತಾನಾಗಿ ಮ್ಯಾನೇಜರ ಹತ್ತಿರ ಹೋಗಿ, ಇದನ್ನು ತಾನೇ ಕೂರಿಸುತ್ತೇನೆ, ಚಿಕ್ಕವಳು ಪಕ್ಕದಲ್ಲಿ ನಿಂತು ನೋಡಲಿ ಎಂದಳು. ಚಿಕ್ಕವಳು ಒಪ್ಪಿದಳು. ಮಾತೆಲ್ಲ ಕೆಲಸದ ಮಾತೇ. "ಬೀಗ." "ಹಾಕಿದೀನಿ." "ಮೀಟರ್." "ಸೊನ್ನೆ." ಕಪ್ಲಿಂಗ್ ಮತ್ತೆ ಅರ್ಧಕ್ಕೆ ನಿಂತಿತು. ಟೆಸ್ಟರಕ್ಕ ಬಿಚ್ಚಿದಳು. ಶಾಫ್ಟಿನ ಅಂಚಿನ ಮೇಲೆ ಬೆರಳ ತುದಿ ಸವರಿ ಸವರಿ, ಕಣ್ಣಿಗೆ ಕಾಣದ ಮುಳ್ಳು ಎಲ್ಲಿದೆ ಎಂದು ಹುಡುಕಿ, ಸಣ್ಣ ಉಪ್ಪುಕಾಗದದಿಂದ ಉಜ್ಜಿದಳು. ಆಮೇಲೆ ಅದು ಬೆಣ್ಣೆಯೊಳಗೆ ಚಾಕು ಇಳಿದಂತೆ ಹೋಯಿತು. ಡಯಲ್ ಗೇಜಿನ ಮುಳ್ಳು ಅಲ್ಲಾಡಿತೋ ಇಲ್ಲವೋ ಎಂಬಂತೆ ನಿಂತಿತು.

ಚಿಕ್ಕವಳು ಬಗ್ಗಿ ಓದಿದಳು. ಅವಳ ಹನ್ನೊಂದರಲ್ಲಿ ಒಂದೂ ಇಷ್ಟು ನೇರ ಬಂದಿರಲಿಲ್ಲ. "ಚೆನ್ನಾಗಿದೆ" ಎಂದಳು. ಅವಳ ಹುಬ್ಬಿನ ನಡುವೆ ಸಣ್ಣ ಗಂಟು ಬಿದ್ದಿತು. ಆ ಗಂಟನ್ನು ಟೆಸ್ಟರಕ್ಕ ಗುರುತು ಹಿಡಿದಳು. ಅದರ ಒಳಗು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎರಡು ಗಳಿಗೆ ಖುಷಿಯಾಯಿತು. ಆಮೇಲೆ, "ಬಾ, ಬೆರಳು ಹೀಗಿಟ್ಟು ನೋಡು, ಮುಳ್ಳು ಹೆಂಗೆ ತಾಗುತ್ತೆ ಅಂತ" ಎಂದು ಅವಳ ಕೈ ಹಿಡಿದು ಅಲ್ಲೇ ಬಿದ್ದಿದ್ದ ಒಂದು ಹಳೆಯ ಶಾಫ್ಟಿನ ಮೇಲಿಟ್ಟಳು. ಆ ತಿಂಗಳಲ್ಲಿ ಅವರು ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚಾಗಿ ಆಡಿದ ಮೊದಲ ಮಾತು ಅದು ಎನ್ನಬಹುದು.

ಎರಡು ವರ್ಷ ಇಬ್ಬರೂ ಜೊತೆಯಲ್ಲಿ ದುಡಿದರು. ಜಗಳವಾಡಿದರು, ಒಬ್ಬರ ತಪ್ಪನ್ನು ಇನ್ನೊಬ್ಬರು ಮುಖದ ಮೇಲೆ ಹೇಳಿದರು, ಹಿಂದಿನಿಂದ ಯಾವತ್ತೂ ಹೇಳಲಿಲ್ಲ. ಆಮೇಲೆ ಕಂಪನಿ ಚಿಕ್ಕವಳಿಗೆ ಬಡ್ತಿ ಕೊಟ್ಟು ಇನ್ನೊಂದು ಊರಿನ ಕಾರ್ಖಾನೆಗೆ ಕಳಿಸಿತು. ಮೈದುನನೂ ಹೊರಟ. ಎದುರಿನ ಕೋಣೆ ಖಾಲಿಯಾಯಿತು. ಬೀಳ್ಕೊಟ್ಟು ಬಂದ ದಿನ ಟೆಸ್ಟರಕ್ಕ ಆ ಕೋಣೆ ಗುಡಿಸುತ್ತ, ಇನ್ನು ನೆಮ್ಮದಿ ಎಂದುಕೊಂಡಳು. ವಾರ ಕಳೆಯುವಷ್ಟರಲ್ಲಿ ಆ ನೆಮ್ಮದಿ ಬೇಸರವಾಯಿತು. ಕಾರ್ಖಾನೆಯಲ್ಲಿ ಅವಳ ಕೆಲಸ ನೋಡಿ ಎಲ್ಲರೂ "ಭೇಷ್" ಎನ್ನುತ್ತಿದ್ದರು. ಹುಬ್ಬು ಗಂಟಿಕ್ಕುವವರು ಯಾರೂ ಇರಲಿಲ್ಲ.

ಒಂದು ರಜೆಯ ದಿನ, ಊಟಕ್ಕೆ ಮುಂಚೆ, ಚಿಕ್ಕವಳ ಫೋನು ಬಂತು. ಅತ್ತೆಯ ಆರೋಗ್ಯ, ಮಗಳ ಕಾಲೇಜು, ಎಲ್ಲ ಮಾತಾದ ಮೇಲೆ ಅವಳಂದಳು: "ಅಕ್ಕ, ಇಲ್ಲಿ ನನಗೇ ಅಂತ ಒಂದು ಆಫೀಸು ಕೊಟ್ಟಿದಾರೆ. ಬಾಗಿಲ ಮೇಲೆ ಹೆಸರು ಬೇರೆ ಹಾಕಿದಾರೆ."

ಟೆಸ್ಟರಕ್ಕನಿಗೆ ಆ ಬಿಳಿ ಟೋಪಿ ನೆನಪಾಯಿತು. "ಒಳ್ಳೇದಾಯ್ತು ಕಣೆ" ಎಂದಳು. ಸ್ವಲ್ಪ ತಡೆದು, "ಕಿಟಕಿ ಇದೆಯಾ?" ಎಂದು ಕೇಳಿದಳು.

"ಇಲ್ಲ ಅಕ್ಕ. ಒಂದೇ ಬಾಗಿಲು. ಗವಿ ಇದ್ದಂಗಿದೆ."

"ಅಯ್ಯೋ ಪಾಪ" ಎಂದಳು ಟೆಸ್ಟರಕ್ಕ. ಅದರಲ್ಲಿ ಅರ್ಧದಷ್ಟು ನಿಜವಾಗಿಯೂ ಪಾಪವೇ ಅನ್ನಿಸಿತ್ತು. ಫೋನಿಟ್ಟು ಒಳಗೆ ಹೋದವಳು ಆ ದಿನ ಎರಡನೇ ಸಲ ಅನ್ನ ಹಾಕಿಸಿಕೊಂಡಳು.